ನೆಲಮಾಳಿಗೆಯಲ್ಲಿ ಮಗಳ ಚಿತ್ರ

ಕೊರಿಯಾದ ಸೋಲ್ ನಗರದ ಹಳೇ ಪೇಟೆಯ ಹೆಂಚಿನ ಮನೆಗಳ ನಡುವೆ ಇರುವ ಕಲಾ ಮ್ಯೂಸಿಯಂನಲ್ಲಿ, ಬಂದವರ ಕೋಟು, ಚೀಲ ಇಸಿದುಕೊಂಡು ಬಿಲ್ಲೆ ಕೊಡುವ ಕೆಲಸ ಇನ್‌ಸುಕ್‌ಳದು. ಅಂದು ಬೆಳಿಗ್ಗೆ ಅವಳೆದುರು ವಯಸ್ಸಾದ ಗಂಡಹೆಂಡತಿ ನಿಂತಿದ್ದರು. ಮುದುಕ ಕೋಟಿನ ಗುಂಡಿ ಬಿಚ್ಚುತ್ತಿದ್ದ, ಮತ್ತೆ ಹಾಕಿಕೊಳ್ಳುತ್ತಿದ್ದ.

“ಕೊಡ್ರೀ ಆ ಕೋಟನ್ನ,” ಎಂದಳು ಮುದುಕಿ. “ ಸೋರಾ ಕೆಳಗೆ ನೆಲಮಾಳಿಗೇಲಿ ಕಾಯ್ತಿದ್ದಾಳೆ. ಮಗಳು ಬರೆದ ಚಿತ್ರ ಇಂಥ ಕಡೆ ತೂಗುಹಾಕೋದು ದಿನಾ ಇರುತ್ತಾ?”

“ನೀನೇ ನೋಡ್ಕೊಂಡು ಬಾ. ನಾನಿಲ್ಲೇ ಇರ್ತೀನಿ.”

“ಏನಾಗಿದೆ ನಿಮಗಿವತ್ತು? ಗಂಜೀನೂ ಮುಟ್ಟಲಿಲ್ಲ ನೀವು.”

“ಮೊದಲು ಇಲ್ಲಿ ಏನಿತ್ತು ಗೊತ್ತಾ?”

“ಮಿಲಿಟರಿ ಆಳ್ವಿಕೆ ಕಾಲದಲ್ಲಿ ಅವರ ಬೇಹುಗಾರಿಕೆ ಕಚೇರಿ. ಅದಕ್ಕೂ ನಮಗೂ ಏನ್ರೀ?”

ಮುದುಕ ಬಾಗಿಲ ಕಾವಲುಗಾರನತ್ತ ನೋಡಿ ದನಿ ತಗ್ಗಿಸಿದ.

“ಸೋರಾ ನಿನ್ನ ಹೊಟ್ಟೇಲಿದ್ದಾಗ ಹನ್ನೊಂದು ದಿನ ಬುಸಾನ್ ಬಂದರಿಗೆ ಹೋಗಿದ್ನಲ್ಲ...”

“ಮೀನಿನ ವ್ಯಾಪಾರ ಅಂತ. ಬರಿಗೈಲಿ ಬಂದ್ರಿ ಅಂತ ಎಷ್ಟು ಹಂಗಿಸಿದೀನಿ!”

“ಹೋಗಿರಲಿಲ್ಲ ಕಣೇ. ಕಣ್ಣಿಗೆ ಬಟ್ಟೆ ಕಟ್ಟಿ ನನ್ನ ಇಲ್ಲಿಗೆ ತಂದಿದ್ರು. ಕೆಳಗಡೆಗೆ, ವಿಚಾರಣೆಗೆ ಅಂತ.”

ಇನ್‌ಸುಕ್ ಚಾಚಿದ ಬಿಲ್ಲೆ ಕೈಯಲ್ಲೇ ಉಳಿಯಿತು.

“ನಲವತ್ತು ವರ್ಷ ಜೊತೇಲಿ ಬಾಳಿದೀವಿ. ನಂಗೂ ಹೇಳ್ಲಿಲ್ವಲ್ರೀ.”

“ಹೊರಗೆ ಬಾಯಿ ಬಿಟ್ರೆ ಬಸುರಿ ಹೆಂಡ್ತೀನೂ ಎಳ್ಕೊಂಡು ಬರ್ತೀವಿ ಅಂದಿದ್ರು. ಈಗಲೂ ಯಾರೋ ಕೇಳಿಸ್ಕೊತಾರೆ ಅನ್ನಿಸುತ್ತೆ.”

ಮುದುಕಿ ಒಂದು ಹೆಜ್ಜೆ ಹತ್ತಿರ ಬಂದಳು. ಆಮೇಲೆ ತಾನೇ ಅವನ ಗುಂಡಿಗಳನ್ನು ಬಿಚ್ಚಿ, ಕೋಟನ್ನು ಇನ್‌ಸುಕ್‌ಳ ಕೈಗಿತ್ತಳು.

“ನಾನು ಮುಂದೆ ಇಳೀತೀನಿ. ಭುಜ ಹಿಡ್ಕೊಳ್ಳಿ. ಕಣ್ಣು ಮಾತ್ರ ಮುಚ್ಚಬೇಡಿ.”

ಮೊದಲ ಮೆಟ್ಟಿಲಲ್ಲೇ ಅವನು ನಿಂತುಬಿಟ್ಟ. ಅವಳು ಎಳೆಯಲಿಲ್ಲ, ಕಾದಳು. ಆಮೇಲೆ ಎರಡು ನರೆತ ತಲೆಗಳು ಒಂದರ ಹಿಂದೊಂದು ನಿಧಾನವಾಗಿ ಕೆಳಗಿಳಿದು ಮರೆಯಾದವು.