ಶುಕ್ರವಾರಕ್ಕೊಬ್ಬರು ಬೇಕು

ವೇದಿಕೆಯ ಮೇಲಿರುವ ನಮ್ಮ ಕರಾವಳಿ ಬಳಗದ ಅಧ್ಯಕ್ಷರಾದ ದೂಮಪ್ಪನವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಶರ್ಮಿಳಾ ಅವರೇ, ಬಿರಿಯಾನಿಯ ಪರಿಮಳಕ್ಕೆ ಆಗಲೇ ಹಿಂದೆ ತಿರುಗಿ ನೋಡುತ್ತಿರುವ ಸಭಿಕರೇ,

ಹೆದರಬೇಡಿ, ಈ ಕಬೀರ ಉದ್ದ ಎಳೆಯುವುದಿಲ್ಲ. ಅರವತ್ತು ತುಂಬಿತು, ಕಂಪನಿ ಖಲಾಸ್ ಎಂದಿತು. ನಾಳೆ ರಾತ್ರಿಯ ವಿಮಾನಕ್ಕೆ ನಾನು ಊರಿಗೆ. ಅದಕ್ಕೇ ಈ ಶಾಲು, ಈ ಹಾರ, ಅಧ್ಯಕ್ಷರು ನನ್ನ ಬಗ್ಗೆ ಹೇಳಿದ ಇಷ್ಟೊಂದು ಸುಳ್ಳು!

ನಾನು ಇಲ್ಲಿ ಮಾಡಿದ್ದಾದರೂ ಏನು? ಈ ಗಲ್ಫ್ ನಾಡಿನ ರಾಸ್ ಲಫಾನ್ ಜೆಟ್ಟಿಯಲ್ಲಿ ಹಡಗಿಗೆ ಗ್ಯಾಸ್ ತುಂಬಿಸಿದೆ. ಸಮುದ್ರದ ತಳದಿಂದ ಬಂದ ಗ್ಯಾಸನ್ನು ತಣಿಸಿ, ತಣಿಸಿ, ನೀರಿನಂತೆ ಮಾಡಿ ಕಳಿಸುತ್ತಾರೆ. ಚೀನಾಕ್ಕೆ ಹೋಯಿತು, ಜಪಾನಿಗೆ ಹೋಯಿತು, ಕೊಚ್ಚಿಗೂ ಹೋಯಿತು. ಬಿನ್ ಒಮ್ರಾನಿನ ನಮ್ಮ ಫ್ಲ್ಯಾಟಿಗೆ ಮಾತ್ರ ಕೊನೆಯವರೆಗೂ ಸಿಲಿಂಡರೇ ಗತಿ. ನನ್ನ ಹೆಂಡತಿ ಸಕೀನಾ ಗೊಣಗುತ್ತಿದ್ದಳು: "ಲೋಕಕ್ಕೆಲ್ಲ ಗ್ಯಾಸ್ ಕೊಡ್ತೀರಿ, ನನ್ನ ನೀರುದೋಸೆ ಮಾತ್ರ ಅರ್ಧಕ್ಕೇ ನಿಲ್ತದೆ."

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆನೋವು ಎಂದಳು. ಮಧ್ಯಾಹ್ನಕ್ಕೆ ಮುಗಿಯಿತು. ನಮ್ಮಲ್ಲಿ ತೀರಿಕೊಂಡವರ ಮಯ್ಯತ್ತನ್ನು ಕಾಯಿಸುವುದಿಲ್ಲ, ಆದಷ್ಟು ಬೇಗ ದಫನ ಮಾಡಬೇಕು. ದೂಮಪ್ಪನವರು ಆಸ್ಪತ್ರೆಯಲ್ಲೇ ಕೇಳಿದರು: "ಊರಿಗೆ ಕೊಂಡು ಹೋಗುದಾ ಸಾಹೇಬ್ರೆ? ಕಾಗದಪತ್ರಕ್ಕೆ ನಾನು ಓಡಾಡ್ತೇನೆ." ನಾನೆಂದೆ: "ಬೇಡ ಮಾರಾಯ್ರೆ. ನಾನು ಇಲ್ಲೇ ಇರ್ತೇನಲ್ಲ, ಅವಳೂ ಇಲ್ಲೇ ಇರಲಿ."

ನಾನು ಇಲ್ಲೇ ಇರ್ತೇನಲ್ಲ! ಎಂಥ ದೊಡ್ಡ ಮಾತು ಆಡಿದೆ ನೋಡಿ. ಕಂಪನಿಯ ಕೆಲಸ ಇರುವವರೆಗೆ ಮಾತ್ರ ನಾನು ಇಲ್ಲಿಯವನು ಎಂಬುದು ಆ ಹೊತ್ತು ತಲೆಗೆ ಹೊಳೆಯಲಿಲ್ಲ. ನಿಮಗಾದರೂ ಹೊಳೆದಿದೆಯೇ? ಐನ್ ಖಾಲಿದ್‌ನ ಬಾಡಿಗೆ ಮನೆಗೆ ಹೊಸ ಸೋಫಾ ಕೊಂಡವರಿಗೆ ಹೊಳೆದಿದೆಯೇ?

ಮಂಗಳೂರಿನಿಂದ ಮಗಳು ಅಫ್ರಾ ಮೊನ್ನೆ ಫೋನ್ ಮಾಡಿದಳು. "ಉಪ್ಪಾ, ನಮ್ಮ ಅಡುಗೆಮನೆಗೂ ಪೈಪಿನ ಗ್ಯಾಸ್ ಬಂತು. ನೀವು ಕಳಿಸಿದ್ದಾ?" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಕೇಳಿದಳು: "ಉಮ್ಮನನ್ನು ಅಲ್ಲಿ ಒಬ್ಬಳನ್ನೇ ಬಿಟ್ಟು ಬರ್ತೀರಾ?" ಗ್ಯಾಸು ಊರು ತಲುಪಿತು, ಅವಳ ಉಮ್ಮ ತಲುಪಲಿಲ್ಲ. ರೇಂಜ್ ಇಲ್ಲ ಎಂದು ಫೋನ್ ಇಟ್ಟೆ.

ವಿಸಿಟ್ ವೀಸಾದಲ್ಲಿ ಬನ್ನಿ ಎಂದು ಕೆಲವರು ಸಮಾಧಾನ ಹೇಳಿದರು. ಬರಬಹುದು. ಹೋಟೆಲ್ ಬುಕ್ ಮಾಡಿಕೊಂಡು ಹೆಂಡತಿಯನ್ನು ನೋಡಲು ಬರುವ ಗಂಡ! ಈ ಮೊಣಕಾಲು ನೋವು ಕಟ್ಟಿಕೊಂಡು ಎಷ್ಟು ಸಲ ಬಂದೇನು? ಸಂಕಟವಾಗುತ್ತದೆ, ಸಭಿಕರೇ. ಹೇಳದೆ ಹೋದರೆ ಇನ್ನೂ ಸಂಕಟ.

ಸಕೀನಾಳ ತಲೆಯ ಕಡೆ ಒಂದು ಕಲ್ಲಿದೆ, ಅದರ ಮೇಲೆ ಹೆಸರಿಲ್ಲ. ಸುತ್ತ ಎಲ್ಲವೂ ಅಂಥವೇ ಕಲ್ಲುಗಳು. ಪ್ರತಿ ಶುಕ್ರವಾರ ಹೋಗಿ ಸಲಾಂ ಹೇಳುವ ನನಗೆ ಮಾತ್ರ ಅವಳು ಎಲ್ಲಿ ಎಂದು ಗೊತ್ತು. ನಾಳಿನ ನಂತರ ಈ ದೇಶದಲ್ಲಿ ಅವಳನ್ನು ಗುರುತಿಸುವವರು ಯಾರೂ ಇರುವುದಿಲ್ಲ.

ಆದ್ದರಿಂದ ಒಂದು ಬೇಡಿಕೆ. ನಾಳೆ ಶುಕ್ರವಾರ, ಜುಮಾ ನಮಾಜಿನ ನಂತರ ಯಾರಾದರೂ ಒಬ್ಬರು ನನ್ನ ಜೊತೆ ಬನ್ನಿ. ಅವಳನ್ನು ತೋರಿಸಿಕೊಡುತ್ತೇನೆ. ದೂಮಪ್ಪನವರು ನಾನೇ ಬರುತ್ತೇನೆ ಎಂದಿದ್ದಾರೆ. ಆದರೆ ಬರುವ ವರ್ಷ ಅವರಿಗೂ ಅರವತ್ತು. ಪ್ರಾಯದವರು ಬನ್ನಿ. ಕಾಂಟ್ರಾಕ್ಟ್ ಇನ್ನೂ ತುಂಬಾ ವರ್ಷ ಇರುವವರು ಬನ್ನಿ.

ಈ ಬ್ಯಾರಿಯನ್ನು ತಮ್ಮವನೆಂದು ಕಂಡ ನಿಮಗೆಲ್ಲ ಧನ್ಯವಾದ. ನಾಳೆ ಖಬರಸ್ತಾನದ ಗೇಟಿನ ಬಳಿ ಕಾಯುತ್ತಿರುತ್ತೇನೆ. ನಮಸ್ಕಾರ.