ಬೀಜ ಅಳುವುದಿಲ್ಲ

ಕಳೆದ ಮಂಗಳವಾರ ಬೆಳಿಗ್ಗೆ ದೇವರಿಗೆ ಹೂ ಏರಿಸುತ್ತಿದ್ದೆ. ತಂಗಿ ಬಾಗಿಲಲ್ಲಿ ನಿಂತು, "ಅಣ್ಣಯ್ಯ, ಅಕ್ಕಣಿಯಮ್ಮ ತೀರಿ ಹೋದ್ರಂಬ್ರ್" ಎಂದಳು. ದಾಸವಾಳ ಕೈಯಲ್ಲೇ ಉಳಿಯಿತು.

ಇವತ್ತು ಈ ಭಜನಾ ಮಂದಿರಕ್ಕೆ ದಯೆಯ ವಿಷಯ ಹೇಳಲು ಬಂದವನು ನಾನು. ಒಂದು ಕಥೆಯಾಗಿಯೇ ಹೇಳುತ್ತೇನೆ, ಕೇಳಿ.

ಗುಡ್ಡದ ಕೆಳಗೊಂದು ಊರು. ಅಲ್ಲೊಬ್ಬ ಶ್ರೀಮಂತ. ಅವನದೊಂದು ಗೇರುಬೀಜದ ಕಾರ್ಖಾನೆ. ಕೆಟ್ಟವನಲ್ಲ, ನೋಡಿ, ದೇವರೆಂದರೆ ಭಯಭಕ್ತಿ ಇದ್ದವನು. ಹೆಂಗಸರು ಸಾಲಾಗಿ ಕುಳಿತು ಬೀಜ ಒಡೆಯುತ್ತಿದ್ದರು. ಸಿಪ್ಪೆಯಲ್ಲಿ ಸೊನೆ ಇರುತ್ತದಲ್ಲ, ಅದು ತಾಗಿದಲ್ಲಿ ಚರ್ಮ ಸುಡುತ್ತದೆ. ಮನೆಯಲ್ಲಿ ಯಾರೂ ಇಲ್ಲದ ತಾಯಂದಿರು ಕೂಸುಗಳನ್ನು ಪಕ್ಕದಲ್ಲೇ ಗೋಣಿಯ ಮೇಲೆ ಮಲಗಿಸುತ್ತಿದ್ದರು. ಒಂದು ದಿನ ಒಂದು ಕೂಸು ಅತ್ತಿತು. ತಾಯಿ ಕೈ ತೊಳೆಯಲು ಮರೆತು ಕೆನ್ನೆ ಸವರಿದಳು. ಸಮಾಧಾನ ಮಾಡಹೋದ ಕೈಯೇ ಕೂಸಿನ ಕೆನ್ನೆ ಸುಟ್ಟಿತು. ಆ ತಾಯಿ ಎಷ್ಟು ಅತ್ತಿರಬೇಡ?

ಶ್ರೀಮಂತನಿಗೂ ಮರುಕವಾಯಿತು. ಮರುದಿನವೇ ಹಲಗೆ ಹಾಕಿಸಿದ: ಮಕ್ಕಳನ್ನು ಒಳಗೆ ತರಕೂಡದು. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡ. ಆದರೆ ಕೂಸು ಎಲ್ಲಿಗೆ ಹೋಗಬೇಕು? ತಾಯಿ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನವೂ ಬಾರದಿದ್ದರೆ ಅವಳ ಜಾಗ ಬೇರೆಯವಳಿಗೆ.

ಆಗ ಅವಳ ಪಕ್ಕ ಕುಳಿತು ಬೀಜ ಒಡೆಯುತ್ತಿದ್ದ ಹರೆಯದ ವಿಧವೆಯೊಬ್ಬಳು ಶ್ರೀಮಂತನ ಮುಂದೆ ಹೋಗಿ ನಿಂತಳು.

"ಒಡೆಯಾ, ಗೇಟಿನ ಹತ್ರದ ಖಾಲಿ ಕೋಣೆ ಕೊಡಿ. ಮಕ್ಳನ್ ನಾ ನೋಡ್ಕಂತೆ. ಸಂಬ್ಳ ಮಾತ್ರ ಕೊಡ್ಕ್."

"ಮಕ್ಳನ್ ನೋಡೂಕೂ ಸಂಬ್ಳವಾ? ಒಳ್ಳೆ ಹೆಣ್ಣ್ ನೀನು!" ಅವನು ನಕ್ಕ.

"ಬೀಜದ ಗೋದಾಮಿಗೆ ಕಾವಲಿನವ್ನಿಗೆ ಕೊಡ್ತ್ರಿ ಅಲ್ದಾ? ಬೀಜ ಅಳುದಿಲ್ಲ, ಒಡೆಯಾ. ಉಚ್ಚೆ ಹೊಯ್ಯುದೂ ಇಲ್ಲ."

ಅವನ ನಗು ನಿಂತಿತು. ಕೋಣೆ ಕೊಟ್ಟ, ಕಾವಲುಗಾರನಿಗೆ ಕೊಟ್ಟಷ್ಟೇ ಸಂಬಳವನ್ನೂ ಕೊಟ್ಟ. ತಾಯಂದಿರು ಮಧ್ಯಾಹ್ನದ ಗಂಜಿಗೆ ಹಿಡಿ ಅಕ್ಕಿ ತಂದರೆ ಸಾಕಿತ್ತು. ಹಳೆಯ ಸೀರೆಗಳ ತೊಟ್ಟಿಲು ಸಾಲಾಗಿ ತೂಗುತ್ತಿದ್ದವು. ಹೊಸ್ತಿಲಲ್ಲಿ ಕೈಯ ಸೊನೆ ತೊಳೆಯಲು ಬೂದಿ, ತೆಂಗಿನೆಣ್ಣೆ. ಹಾಲೂಡಿಸಲು ಓಡಿ ಬಂದ ತಾಯಿಗೆ ಅಲ್ಲೇ ಆ ವಿಧವೆಯ ತಡೆ: "ಕೈ ತೋರ್ಸ್ ಹೆಣೆ! ಇದೆಂತ, ಮೊಸಳೆ ಚರ್ಮವಾ? ಇನ್ನೊಂದ್ಸಲ ತೊಳಿ!" ಬೂದಿಯೂ ಎಣ್ಣೆಯೂ ಬೆರೆತ ಆ ವಾಸನೆ ಎಲ್ಲಿ ಬಂದರೂ ಇಂದಿಗೂ ನನಗೆ ನಿದ್ದೆ ಬರುತ್ತದೆ.

ನನ್ನ ಕೆನ್ನೆಯ ಈ ಕಲೆಯನ್ನು ನೀವೆಲ್ಲ ಹುಟ್ಟುಮಚ್ಚೆ ಎಂದುಕೊಂಡಿರಬಹುದು. ಆ ಕೂಸು ನಾನು. ಆ ವಿಧವೆಯೇ ಅಕ್ಕಣಿಯಮ್ಮ. ಆ ಕೋಣೆಯಲ್ಲೇ ಬೆಳೆದ ನನ್ನ ತಂಗಿಯ ಕೆನ್ನೆಯಲ್ಲಿ ಯಾವ ಕಲೆಯೂ ಇಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯ ಪಾತ್ರೆ ತೊಳೆಯುವವಳ ಮಗು ಈ ಹೊತ್ತು ಎಲ್ಲಿದೆ? ನಿಮ್ಮ ಅಂಗಡಿಯಲ್ಲಿ ದಿನವಿಡೀ ನಿಲ್ಲುವವಳ ಮಗು? ಗೊತ್ತಿಲ್ಲ, ಅಲ್ಲವೇ? ನಾಳೆ ಕೇಳಿ. ಈ ಭಜನಾ ಮಂದಿರದ ಹಿಂದಿನ ಕೋಣೆಗೆ ವಾರದಲ್ಲಿ ಆರು ದಿನ ಬೀಗ. ತೆಗೆಯಿರಿ ಆ ಬೀಗ. ಮಕ್ಕಳನ್ನು ನೋಡಿಕೊಳ್ಳಬಲ್ಲವರನ್ನು ಇಡಿ. ಪುಣ್ಯದ ಹೆಸರು ಹೇಳಿ ಅವರನ್ನು ಬಿಟ್ಟಿ ದುಡಿಸಬೇಡಿ. ತಾಯಿ ತನ್ನಿಂದಾದಷ್ಟು ಕೊಡಲಿ, ಉಳಿದದ್ದನ್ನು ನಾವೆಲ್ಲ ಸೇರಿ ತುಂಬೋಣ.

ಭಗವಂತಾ, ಅಕ್ಕಣಿಯಮ್ಮ ನಿನ್ನ ಹೊಸ್ತಿಲಿಗೆ ಬಂದಿದ್ದಾರೆ. ಕೈ ತೋರಿಸು ಎನ್ನಬೇಡ. ಸೊನೆಯಿಂದ ಕಪ್ಪಾದ ಆ ಬೆರಳುಗಳು ಎಂದೋ ಶುದ್ಧವಾಗಿವೆ. ಅವರ ಮಡಿಲಲ್ಲಿ ನಾವು ನಿದ್ದೆ ಹೋದ ಹಾಗೆ ನಿನ್ನ ಮಡಿಲಲ್ಲಿ ಅವರನ್ನು ಮಲಗಿಸಿಕೋ. ಅವರ ಆತ್ಮಕ್ಕೆ ಶಾಂತಿ ಕೊಡು.