ಸವತಿಯ ಮೈ ಬೆಚ್ಚಗಿತ್ತು

ಲೈಟ್ ಆರಿಸ್ಬೇಡಿ, ಇರ್ಲಿ. ಇದು ಯಾರೋ ಹೇಳಿದ್ದು ಕೇಳಿ ಹೇಳ್ತಿರೋದಲ್ಲ. ನಮ್ಮ ದೊಡ್ಡಮ್ಮನ ಮಗ ಡುಮ್ಮಣ್ಣನಿಗೆ ಆಗಿದ್ದು. ಅರ್ಧ ನಾನೇ ಕಣ್ಣಾರೆ ನೋಡಿದ್ದು. ನಡುವೆ ಯಾರಾದ್ರೂ ಕಿಸಕ್ ಅಂದ್ರೆ ಅಲ್ಲಿಗೇ ನಿಲ್ಲಿಸಿ ಮಲ್ಕೊಂಡುಬಿಡ್ತೀನಿ. ಆಮೇಲೆ ಕಾಲು ಹಿಡಿದ್ರೂ ಹೇಳಲ್ಲ.

ಅವತ್ತು ಡುಮ್ಮಣ್ಣ ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಯಾರದೋ ಕಾರು ರಿಪೇರಿ ಮಾಡಿ, ಲಾರಿ ಹತ್ತಿ ಬಂದು, ಮುಖ್ಯರಸ್ತೇಲಿ ಇಳಿದು ನಡ್ಕೊಂಡು ಬರ್ತಿದ್ದ. ನಡುರಾತ್ರಿ ದಾಟಿತ್ತು. ಅವರ ಓಣಿಯ ಈ ತುದಿಗೆ ಅವರ ಗ್ಯಾರೇಜು, ಆ ತುದಿಗೆ ಮನೆ, ನಡುವೆ ಒಂದು ಹಳೇ ಬಾವಿ. ಯಾರೂ ಬೀಳದ ಹಾಗೆ ಕಬ್ಬಿಣದ ಜಾಲರಿ ಹಾಕಿದಾರೆ. ಬಾವಿ ಹತ್ರ ಬಂದಾಗ ಸದ್ದು ಕೇಳಿಸ್ತು.

ಟಿಣ್...

ನಿಂತ.

ಟಿಣ್... ಟಿಕ್...

ಬಾವೀಲಿ ನೀರು ತೊಟ್ಟಿಕ್ತಿರ್ಬೇಕು ಅಂದ್ಕೊಂಡ. ಆದ್ರೆ ನೀರು ಬಿದ್ರೆ 'ತೊಳಕ್' ಅನ್ನುತ್ತೆ. ಇದು ಒಣ ಸದ್ದು. ಕಬ್ಬಿಣದ್ದು. ಬರ್ತಿದ್ದಿದ್ದು ಬಾವಿಯಿಂದ ಅಲ್ಲ, ಬೆನ್ನ ಹಿಂದಿಂದ... ಗ್ಯಾರೇಜಿಂದ.

ನಾನು ನೀವು ಆಗಿದ್ರೆ ಇಲಿ ಅಂದ್ಕೊಂಡು ಹೋಗಿಬಿಡ್ತಿದ್ವಿ. ಡುಮ್ಮಣ್ಣ ಆ ಸದ್ದಲ್ಲೇ ಬೆಳೆದೋನು. ಜೋರಾಗಿ ಓಡಿ ಬಂದ ಕಾರನ್ನ ಆರಿಸಿದ ಮೇಲೆ, ಕಾದ ಸೈಲೆನ್ಸರ್ ಪೈಪು ತಣ್ಣಗಾಗ್ತಾ ಹಾಗನ್ನುತ್ತಂತೆ. ಗ್ಯಾರೇಜಲ್ಲಿ ಇದ್ದಿದ್ದು ಒಂದೇ ಕಾರು. ಅದು ಓಡಿ ತಿಂಗಳುಗಳೇ ಆಗಿತ್ತು. ಓಡಿಸ್ತಿದ್ದವನು ಸತ್ತಿದ್ದ.

ಓಡಿಸ್ತಿದ್ದವನು ಡುಮ್ಮಣ್ಣನ ಅಣ್ಣ. ನಾವೆಲ್ಲ ದೊಡ್ಡಣ್ಣ ಅಂತಿದ್ವಿ. ಅಣ್ಣ ತಮ್ಮ ಇಬ್ಬರದೂ ಒಂದೇ ಕಸುಬು, ಕಾರಿನ ಎಂಜಿನ್ನಿಗೆ ಇನ್ನಷ್ಟು ಶಕ್ತಿ ತುಂಬೋದು. ದೊಡ್ಡಣ್ಣನ ಸ್ವಂತ ಕಾರು ಬೇರೆ. ಎಂಟು ಸಿಲಿಂಡರು, ಉದ್ದ ಮೂಗು, ಗಿಡ್ಡ ಬಾಲ. ಹಿಂದಿನ ಸೀಟು ಕಿತ್ತು ಬಿಸಾಕಿ, ಮುಂದೆ ಎರಡೇ ಸೀಟು ಉಳಿಸಿದ್ದ. ಎರಡು ಹೆಗಲಿಗೂ ಬರೋ ರೇಸಿನ ಬೆಲ್ಟು. ಸ್ಟಾರ್ಟ್ ಮಾಡಿದ್ರೆ ಗುಡು... ಗುಡು... ಗುಡು... ಅಂತ ಮನೇಲಿ ತಟ್ಟೆ ಲೋಟ ಎಲ್ಲ ಕುಣಿಯೋವು.

ಅತ್ತಿಗೆ ಆ ಕಾರಿಗೆ ಇಟ್ಟಿದ್ದ ಹೆಸರು ಸವತಿ. "ಸವತಿ ಎದ್ದಳಾ? ಸವತಿಗೆ ಸ್ನಾನ ಆಯ್ತಾ?" ಅಂತಿದ್ರು. ಒಂದು ದಿನಾನೂ ಅದರಲ್ಲಿ ಕೂತೋರಲ್ಲ.

"ಸವತಿ ತೊಡೆ ಮೇಲೆ ನಾನ್ಯಾಕೆ ಕೂರ್ಲಿ, ಹೋಗ್ರೀ."

"ಒಂದಿನ ಎತ್ಕೊಂಡು ಹೋಗಿ ಕೂರಿಸ್ತೀನಿ, ನೋಡ್ತಿರು," ಅಂತಿದ್ದ ದೊಡ್ಡಣ್ಣ.

ಹಾಗಾಗಿ ಪಕ್ಕದ ಸೀಟು ಡುಮ್ಮಣ್ಣಂದೇ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಎಂಜಿನ್ ಲೆಕ್ಕ ನೋಡ್ತಾ ಕೂರೋನು. ಅವನ ಹೊಟ್ಟೆಗೆ ಸರಿಯಾಗಿ ಬೆಲ್ಟನ್ನ ಪೂರ್ತಿ ಸಡಿಲ ಬಿಟ್ಟಿದ್ರು. ಅದನ್ನ ಎಳೆದು ಕಟ್ತಿದ್ದಿದ್ದು ಮಾತ್ರ ದೊಡ್ಡಣ್ಣನೇ, ಇನ್ನೊಬ್ಬರ ಕೈಗೆ ಬಿಡ್ತಿರ್ಲಿಲ್ಲ. ಇನ್ನೊಂದು ಅಭ್ಯಾಸ ಇತ್ತು ಅವನಿಗೆ. ಎಷ್ಟೇ ಅವಸರ ಇರ್ಲಿ, ಓಡಿಸಿ ಬಂದ ಕೂಡಲೇ ಎಂಜಿನ್ ಆರಿಸ್ತಿರ್ಲಿಲ್ಲ. ಸುಮ್ನೆ ಕೂತಿರೋನು. "ಓಡಿ ಬಂದ ಎತ್ತನ್ನ ತಕ್ಷಣ ಕಟ್ಟಿ ಹಾಕ್ತಾರೇನೋ? ಉಸಿರಾಡ್ಲಿ," ಅನ್ನೋನು.

ಅಂಥ ಸ್ಪೀಡಲ್ಲಿ ಹೋಗ್ತಿದ್ದವನು ಹೇಗೆ ಸತ್ತ ಅಂತೀರಾ? ಸ್ನಾನದ ಮನೇಲಿ ಕಾಲು ಜಾರಿ. ಅಷ್ಟೇ.

ಅತ್ತಿಗೆ ಅಳಲೇ ಇಲ್ಲ. ಕೂತಲ್ಲೇ ಕೂತಿರೋರು. ಕೈಗೆ ಕೊಟ್ಟ ಟೀ ಕೈಯಲ್ಲೇ ಆರಿಹೋಗೋದು. ಎರಡು ತುತ್ತು ತಿಂದ್ರೆ ಹೆಚ್ಚು. ರಾತ್ರಿಯಿಡೀ ಸೂರು ನೋಡ್ತಾ ಮಲಗಿರೋರು. ಮಾತ್ರೆ ನುಂಗಿದ್ರೂ ನಿದ್ದೆ ಇಲ್ಲ. ನೋಡ್ಕೊಳ್ಳೋಕೆ ಅಂತ ನಾನು ಹೋಗಿದ್ದೆ. ಡಾಕ್ಟರು ನನ್ನ ಪಕ್ಕಕ್ಕೆ ಕರೆದು, "ಹೀಗೇ ಆದ್ರೆ ಇವರು ಉಳಿಯಲ್ಲಮ್ಮ," ಅಂದುಬಿಟ್ರು. ಡುಮ್ಮಣ್ಣನೂ ಅಷ್ಟೇ, ಕೆಲಸ ಮಾಡೋನು, ಉಣ್ಣೋನು, ಮುಖದಲ್ಲಿ ಏನೂ ಇಲ್ಲ. ಕಾರು ಕಣ್ಮುಂದೆ ಇರೋದಕ್ಕೇ ಅತ್ತಿಗೆ ಹೀಗಾಗಿರೋದು ಅಂತ ಅವನ ತಲೇಲಿ ಕೂತುಬಿಟ್ಟಿತ್ತು. ಮಾರೋಕೆ ಮಾತಾಡಿದ. ಆ ಸದ್ದು ಕೇಳಿದ ರಾತ್ರಿ ಕಳೆದು ಬೆಳಿಗ್ಗೆ ಕೊಳ್ಳೋರು ಬರೋರಿದ್ರು.

ಅವತ್ತು ಸಂಜೆ ಅವನು ಹೆದ್ದಾರಿಗೆ ಹೊರಟಾಗ ಅತ್ತಿಗೆ ಬಾಗಿಲ ಹತ್ರ ಬಂದು ಪಿಸುಗುಟ್ಟಿದ್ರು. ನಾನು ಅಲ್ಲೇ ಇದ್ದೆ.

"ಡುಮ್ಮ... ಸವತಿ ನಾಳೆ ಹೋಗ್ತಾಳಾ?"

"ಹೂಂ ಅತ್ತಿಗೆ."

"ಒಂದೇ ಒಂದು ಸುತ್ತು... ನನ್ನ ಕೂರಿಸ್ಕೊಂಡು..."

"ಬ್ಯಾಟರಿ ಬಿಚ್ಚಿಟ್ಟಿದೀನಿ ಅತ್ತಿಗೆ. ಅವರು ಬರೋವರೆಗೂ ಎಂಜಿನ್ ತಣ್ಣಗೇ ಇರ್ಬೇಕಂತೆ. ಬಿಸಿ ಎಂಜಿನ್ ಕಾಯಿಲೆ ಮುಚ್ಚಿಡುತ್ತೆ ಅಂತ ಅವರಿಗೆ ಗೊತ್ತು."

"ಸರಿ ಬಿಡು."

ಅಷ್ಟೇ ಅಂದು ಹೋಗಿ ಮಲಗಿದ್ರು.

ಈಗ ಹೇಳಿ... ಬ್ಯಾಟರಿ ಇಲ್ಲದ ಕಾರಿನ ಪೈಪು ಆ ರಾತ್ರಿ ಟಿಣ್ ಅನ್ನೋದು ಹೇಗೆ?

ಡುಮ್ಮಣ್ಣ ವಾಪಸ್ ನಡೆದ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದ. ಶಟರ್ ಎತ್ತಿದ, ಕರ್ರ್ರ್... ಕಾರಿನ ಮೇಲೆ ಹೊದಿಸಿದ್ದ ಬಟ್ಟೆ ಹೊದಿಸಿದ ಹಾಗೇ ಇತ್ತು. ಬ್ಯಾಟರಿ ಶೆಲ್ಫಿನ ಮೇಲಿತ್ತು. ಸುಟ್ಟ ಟೈರಿನ ವಾಸನೆ ಮೂಗಿಗೆ ಹೊಡೀತು. ಬಟ್ಟೆ ಮೇಲೆ ಕೈಯಿಟ್ಟ. ಬೆಚ್ಚಗಿತ್ತು... ಮಲಗೆದ್ದ ಹಾಸಿಗೆ ಹಾಗೆ.

ಟಿಕ್...

ಬಗ್ಗಿ ಸೈಲೆನ್ಸರ್ ಮುಟ್ಟಿದ. ಚುರ್ ಅಂತು. ಬೆರಳು ಸುಟ್ಟಿದ್ದು ಕಾಣ್ತಿತ್ತಂತೆ, ನೋವು ಮಾತ್ರ ಆಗ್ಲಿಲ್ಲವಂತೆ. ಹೆದರಿಕೇನೂ ಆಗ್ಲಿಲ್ಲ. ಬಟ್ಟೆ ಸರಿಸಿ, ಬಾಗಿಲು ತೆಗೆದು, ಹೋಗಿ ತನ್ನ ಜಾಗದಲ್ಲಿ ಕೂತ. ಬೆಲ್ಟು ಎಳ್ಕೊಂಡ.

ಎಟುಕಲಿಲ್ಲ.

ಉಸಿರು ಒಳಗೆಳ್ಕೊಂಡು ನೋಡಿದ. ಊಹೂಂ. ಅವನ ಹೊಟ್ಟೆಗೆ ಸಡಿಲ ಬಿಟ್ಟಿದ್ದ ಬೆಲ್ಟನ್ನ ಯಾರೋ ಪೂರ್ತಿ ಬಿಗಿ ಮಾಡಿದ್ರು. ಸಣಕಲು ಮೈಗೆ ಆಗೋ ಅಷ್ಟು. ಉಳಿದ ತುದಿಯನ್ನ ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಹಾಗೆ ಸುತ್ತೋನು ಒಬ್ಬನೇ.

"ಆಗ ನನಗೆ ಏನನ್ನಿಸ್ತು ಗೊತ್ತೇನೇ?" ಅಂತ ಆಮೇಲೆ ಹೇಳಿದ. "ಹೊಟ್ಟೆಕಿಚ್ಚು ಕಣೇ. ನನ್ನ ಬಿಟ್ಟು ಹೋದ್ಯಲ್ಲೋ ಅನ್ನಿಸ್ತು. ಆಮೇಲೆ ಹೊಳೀತು, ಹಾಗಾದ್ರೆ ಕರ್ಕೊಂಡು ಹೋಗಿದ್ದು ಯಾರನ್ನ ಅಂತ..."

ಓಡಿದ. ಆ ಮೈ ಹೊತ್ಕೊಂಡು ಅವನು ಓಡಿದ್ದು ಅವತ್ತೇ ಮೊದಲು.

ನಾನು ಅತ್ತಿಗೆ ಪಕ್ಕದಲ್ಲೇ ಮಲಗಿದ್ದೆ. ಕಾಯೋಕೆ ಹೋದವಳು ಕುಂಭಕರ್ಣನ ತಂಗಿ ಹಾಗೆ ನಿದ್ದೆ ಹೊಡ್ದಿದೀನಿ, ನನಗೆ ಬೆಂಕಿ ಹಾಕ! ಡುಮ್ಮಣ್ಣ ಬಾಗಿಲು ತಳ್ಕೊಂಡು ಬಂದಾಗಲೇ ಎಚ್ಚರ ಆಗಿದ್ದು.

"ಅತ್ತಿಗೆ ಇದಾರಾ?"

"ಇಲ್ಲೇ... ಶ್... ಮಲಗಿದಾರೆ."

"ಮಲಗಿದಾರಾ?"

ಆಗ ನಾನು ತಿರುಗಿ ನೋಡಿದೆ. ಎಷ್ಟೋ ತಿಂಗಳಿಂದ ಕಣ್ಣು ಮುಚ್ಚದೇ ಇದ್ದೋರು, ಕಣ್ಣು ಮುಚ್ಚಿ ಮಲಗಿದ್ರು. ಅಲ್ಲಾಡ್ತಿರ್ಲಿಲ್ಲ. ಡುಮ್ಮಣ್ಣ ಅಂಗೈಯನ್ನ ಅವರ ಮೂಗಿನ ಹತ್ರ ಹಿಡಿದ. ಹಿಡ್ಕೊಂಡೇ ಇದ್ದ...

ಉಸಿರು ಬಂತು.

ಅತ್ತಿಗೆ ಅರ್ಧ ಕಣ್ಣು ಬಿಟ್ಟು ಅವನನ್ನ ನೋಡಿದ್ರು. ನಿದ್ದೆಗಣ್ಣಲ್ಲೇ ಅಂದ್ರು, "ನಿಮ್ಮಣ್ಣ ಎಂಜಿನ್ ಆರಿಸೋಕೆ ಎಷ್ಟು ಹೊತ್ತು ಮಾಡ್ತಾರೋ ಡುಮ್ಮ... ಕೂತಲ್ಲೇ ತೂಕಡಿಕೆ ಬಂದುಬಿಡ್ತು ನನಗೆ."

ಮಗ್ಗುಲಾದ್ರು. ಗೊರಕೆ ಶುರುವಾಯ್ತು.

ನಾವಿಬ್ಬರೂ ಬೆಳಗಾಗೋವರೆಗೂ ಗೋಡೆಗೊರಗಿ ಕೂತಿದ್ವಿ.

ಬೆಳಿಗ್ಗೆ ಕೊಳ್ಳೋರು ಬಂದ್ರು. ಪಳಗಿದ ಆಸಾಮಿ. ಬಣ್ಣ ನೋಡ್ಲಿಲ್ಲ, ಸೀಟು ನೋಡ್ಲಿಲ್ಲ, ಮೊದಲು ಬಾನೆಟ್ ಎತ್ತಿಸಿ ಎಂಜಿನ್ ಮೇಲೆ ಅಂಗೈ ಇಟ್ರು. ಮುಖ ಕೆಂಪಾಯ್ತು.

"ಏನ್ರೀ ಇದು? ತಣ್ಣಗಿರ್ಬೇಕು ಅಂತ ಹೇಳಿರ್ಲಿಲ್ವಾ? ರಾತ್ರಿ ಓಡಿಸಿದೀರಿ. ಏನು ಮುಚ್ಚಿಡ್ತಿದೀರಿ?"

"ಓಡಿಸಿಲ್ಲ ಸರ್. ಬ್ಯಾಟರಿನೇ ಇಲ್ಲ ನೋಡಿ, ಅಲ್ಲಿ ಶೆಲ್ಫ್ ಮೇಲಿದೆ."

ಅವರು ಬ್ಯಾಟರಿ ನೋಡಿದ್ರು. ಮತ್ತೆ ಎಂಜಿನ್ ಮುಟ್ಟಿದ್ರು. ಆಮೇಲೆ ಟೈರು ನೋಡಿದ್ರು. ಹೊಸ ಟೈರು, ಆದ್ರೆ ಕರಗಿದ ರಬ್ಬರಿಗೆ ರಸ್ತೆಯ ಜಲ್ಲಿ ಪುಡಿ ಅಂಟಿತ್ತು.

"ನನ್ನ ಕಿವಿ ಮೇಲೆ ಹೂ ಇಡ್ಬೇಡಿ," ಅಂದು ಹೊರಟೇಹೋದ್ರು. ಡುಮ್ಮಣ್ಣ ತಡೀಲಿಲ್ಲ. ಬೇರೆ ಯಾರಿಗೂ ತೋರಿಸಲೂ ಇಲ್ಲ.

ಅವತ್ತು ಅತ್ತಿಗೆ ಎದ್ದಾಗ ಮಧ್ಯಾಹ್ನ. "ಹಸಿವಾಗ್ತಿದೆ," ಅಂದ್ರು. ಎರಡು ಸಲ ಬಡಿಸಿಕೊಂಡು ತಿಂದ್ರು. ಆಮೇಲೆ ನಾನು ತಲೆ ಬಾಚೋಕೆ ಕೂತೆ. ಕೂದಲು ಗಾಳಿಗೆ ಸಿಕ್ಕಿ ಗಂಟು ಗಂಟಾಗಿತ್ತು. ರವಿಕೆ ಕತ್ತಿನ ಹತ್ರ ನೋಡಿದೆ. ಎರಡೂ ಹೆಗಲ ಮೇಲೆ ಅಗಲವಾಗಿ ಕೆಂಪು ಬರೆ. ಅಲ್ಲಿ ಕೈ ತಾಗಿದಾಗ ಅತ್ತಿಗೆ ಅತ್ರು. ಮೊದಲನೇ ಸಲ. ನನಗಂತೂ ಹೆದರಿಕೆಗಿಂತ ಸಮಾಧಾನವೇ ಹೆಚ್ಚಾಯ್ತು, ಸುಳ್ಳು ಯಾಕೆ ಹೇಳ್ಲಿ?

ಅತ್ತಿಗೆ ಈಗ ಚೆನ್ನಾಗಿದಾರೆ. ಉಣ್ತಾರೆ, ನಿದ್ದೆ ಮಾಡ್ತಾರೆ. ಡುಮ್ಮಣ್ಣ ಮಾತ್ರ ಹಾಗೇ ಇದಾನೆ. ಸುಟ್ಟ ಬೆರಳಿಗೆ ಇವತ್ತಿಗೂ ಸ್ಪರ್ಶ ಇಲ್ಲ. ರಾತ್ರಿ ಬಾವಿ ಹತ್ರ ಒಂದು ಗಳಿಗೆ ನಿಂತು ಕೇಳಿಸ್ಕೊಂಡೇ ಮನೆಗೆ ಹೋಗೋದು.

ನಂಬೋರು ನಂಬಿ, ಬಿಡೋರು ಬಿಡಿ. ಹೋದ ವಾರ ನಾನೇ ಆ ಗ್ಯಾರೇಜಿಗೆ ಹೋಗಿದ್ದೆ. ಕಾರು ಅಲ್ಲೇ ಇದೆ, ಬಟ್ಟೆ ಹೊದ್ದು. ಬ್ಯಾಟರಿನೂ ಅದೇ ಶೆಲ್ಫಿನ ಮೇಲೆ ಇದೆ, ಹೆಸರು ಬರೆಯೋ ಅಷ್ಟು ಧೂಳು ಕೂತಿದೆ. ಬಟ್ಟೆ ಎತ್ತಿ ಬೆರಳಿಟ್ಟು ನೋಡಿದೆ... ಹಿಂದಿನ ಟೈರೆರಡೂ ಸವೆದು ನುಣ್ಣಗಾಗಿವೆ.